ಇಂಟರ್‌ನ್ಯಾಷನಲ್ ಅಧ್ಯಕ್ಷರಿಗೆ ಒಂದನೇ ಕ್ಲಾಸಿನ ಅಜ್ಜಯ್ಯನ ಪತ್ರ

ಮಾನ್ಯ ಅಧ್ಯಕ್ಷರೇ,

ಕುಂದಾಪುರದ ಹೆದ್ದಾರಿ ಬದಿಯಲ್ಲಿ ನೀವು ಕಟ್ಟಿಸಿರುವ ಇಂಟರ್‌ನ್ಯಾಷನಲ್ ದ್ವಿಭಾಷಾ ಶಾಲೆಯ ಮಾಹಿತಿ ಪುಸ್ತಕ ಕೈಸೇರಿತು. ಶಾಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೊಮ್ಮಗಳು ಇನ್ನೂ ಹತ್ತು ವರ್ಷ ಅಲ್ಲೇ ಓದಬೇಕು. ಪುಸ್ತಕದ ಕಾಗದ ಎಷ್ಟು ನುಣುಪೆಂದರೆ ನನ್ನ ಬಾಲ್‌ಪೆನ್ನು ಅದರ ಮೇಲೆ ಜಾರುತ್ತದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಅಂಚಿನಲ್ಲಿ ಷರಾ ಬರೆದು ರೂಢಿಯಾದವನು ನಾನು. ಅಂಚು ಒಪ್ಪಲಿಲ್ಲವಾದ್ದರಿಂದ ಈ ಬಹಿರಂಗ ಪತ್ರ.

32 ಪುಟಗಳಲ್ಲಿ 31 ಇಂಗ್ಲಿಷಿನಲ್ಲಿವೆ. ದ್ವಿಭಾಷೆಯ ಎರಡನೇ ಭಾಷೆಗೆ ಕೊನೆಯ ಪುಟ ಸಿಕ್ಕಿದೆ. ಅದರಲ್ಲಿ ‘ನಮ್ಮ ಶೈಕ್ಷಣಿಕ ಗುರಿಗಳು’ ಇವೆ. ಮೊದಲನೆಯದು, ‘ಮಗುವು ಜಾಗತಿಕ ಪೌರನನ್ನಾಗಿ ಪೋಷಿಸಲ್ಪಡುವುದು.’ ಮೂರು ಸಲ ಓದಿದೆ. ಪೋಷಿಸುವವರು ಯಾರು, ಪೋಷಿಸಲ್ಪಡುವವರು ಯಾರು ಎಂದು ತಿಳಿಯಲಿಲ್ಲ. ಫೀಸಿನ ಪುಟ ತೆಗೆದ ಮೇಲೆ ತಿಳಿಯಿತು.

ಪಠ್ಯಕ್ರಮ ಸಿಬಿಎಸ್‌ಇ ಎಂದು ಬರೆದಿದ್ದೀರಿ. ಹಾಗಾದರೆ ಇಂಟರ್‌ನ್ಯಾಷನಲ್ ಯಾವುದು ಎಂದು ಕಚೇರಿಯಲ್ಲಿ ಕೇಳಿದೆ. ಕೌಂಟರಿನ ಹುಡುಗಿ ಯೋಚಿಸಿ, ‘ಸ್ವಿಮ್ಮಿಂಗ್ ಪೂಲ್ ಸರ್’ ಎಂದಳು. ಐದು ಹೊಳೆ ಕೂಡಿ ಪಂಚಗಂಗಾವಳಿಯಾಗಿ ಕಡಲಿಗೆ ಬೀಳುವ ಊರಿನಲ್ಲಿ ಮಕ್ಕಳಿಗೆ ನೀರು ತೋರಿಸಲು ಹೊರದೇಶದ ಟೈಲ್ಸ್ ಬೇಕಾಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ನಿಮ್ಮಲ್ಲಿ ಸಂದರ್ಶನ ಇಲ್ಲ, ‘ಇಂಟರಾಕ್ಷನ್’ ಇದೆ. ಪ್ರವೇಶಕ್ಕೆಂದು ಮಗುವನ್ನು ಪರೀಕ್ಷಿಸಬಾರದು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಪರೀಕ್ಷೆಗೆ ಬೇರೆ ಹೆಸರಿಡಬಾರದು ಎಂದೇನೂ ಹೇಳಿಲ್ಲವಲ್ಲ. ಮೇ ಕೊನೆಯ ವಾರ, ಹೊರಗೆ ವರ್ಷದ ಮೊದಲ ಜೋರು ಮಳೆ. ಮೇಡಂ ಒಂದು ಚಿತ್ರ ಎತ್ತಿ ಹಿಡಿದು ಇದೇನು ಎಂದರು. ಕೊಡೆಯ ಚಿತ್ರ. ‘ಕೊಡಿ’ ಎಂದಳು ಮೊಮ್ಮಗಳು. ನಮ್ಮಲ್ಲಿ ಮನೆ ಮನಿಯಾಗುತ್ತದೆ, ಮಳೆ ಮಳಿಯಾಗುತ್ತದೆ, ಕೊಡೆ ಕೊಡಿಯಾಗುತ್ತದೆ. ಬೆಂಗಳೂರಿನಿಂದ ಬಂದ ಮೇಡಂ ಪಾಪ, ಮಗು ಕೇಳುತ್ತಿದೆ ಎಂದುಕೊಂಡು ಚಿತ್ರವನ್ನು ಅವಳ ಕೈಗೇ ಕೊಟ್ಟುಬಿಟ್ಟರು. ಅವಳು ಥ್ಯಾಂಕ್ಯೂ ಎಂದು ತೊಡೆಯ ಮೇಲಿಟ್ಟುಕೊಂಡಳು.

ಆಮೇಲೆ ಕಿಟಕಿ ತೋರಿಸಿ ಹೊರಗೆ ಏನಿದೆ ಎಂದರು.

‘ಮಳಿ ಇತ್ತ್.’

‘ಇತ್ತು ಅಲ್ಲ ಪುಟ್ಟಾ, ಇದೆ ಅನ್ಬೇಕು. ಇತ್ತು ಅಂದ್ರೆ ಮುಗಿದು ಹೋದದ್ದು.’

ಮಗು ಕಿಟಕಿ ನೋಡಿತು, ಮೇಡಂ ಮುಖ ನೋಡಿತು, ಕೊನೆಗೆ ನನ್ನ ಮುಖ ನೋಡಿತು. ಕಣ್ಣೆದುರು ಹುಯ್ಯುತ್ತಿರುವ ಮಳೆ ಮುಗಿದು ಹೋಗಿದೆ ಎಂದು ದೊಡ್ಡವರು ಹೇಳಿದರೆ ಆರು ವರ್ಷದವಳು ಏನು ಮಾಡಬೇಕು? ಕುಂದಾಪ್ರ ಕನ್ನಡದಲ್ಲಿ ‘ಇತ್ತ್’ ಎಂದರೆ ಈಗ ಇದೆ ಎಂದೇ ಅರ್ಥ, ಮುಗಿದದ್ದಕ್ಕೆ ನಾವು ‘ಇದ್ದಿತ್ತ್’ ಎನ್ನುತ್ತೇವೆ. ನಿಮಗೆ ಇದನ್ನು ನಾನು ಹೇಳಬೇಕಾಗಿಲ್ಲ. ಆ ದಿನದ ವರದಿಯಲ್ಲಿ ಮಾತ್ರ ‘ಭಾಷಾ ಬೆಳವಣಿಗೆ ನಿಧಾನ, ಆದರೆ ವಿನಯವಂತೆ’ ಎಂದು ಬರೆದಿತ್ತು. ಅವಳು ‘ಹೋಪುದು’, ‘ಬಪ್ಪುದು’ ಎಂದಾಗಲೂ ತಿದ್ದುತ್ತಾರಂತೆ. ಹಳಗನ್ನಡದ ಪೋಪ, ಬರ್ಪಗಳು ಸಾವಿರ ವರ್ಷ ಸವೆದು ನಮ್ಮ ಬಾಯಿಗೆ ಬಂದದ್ದು ಹೀಗೆ. ಪಂಪ ಇಂಟರಾಕ್ಷನ್‌ಗೆ ಬಂದಿದ್ದರೆ ಅವನಿಗೂ ಸೀಟು ಕಷ್ಟವಿತ್ತು.

ಹೋಲಿಕೆಗಾಗಿ ಹೇಳುತ್ತೇನೆ. ವಿಜಯದಶಮಿಗೆ ಕೇರಳದಿಂದ ಎಷ್ಟೋ ಮಂದಿ ಕೊಲ್ಲೂರಿಗೆ ಬಂದು, ಮೂಕಾಂಬಿಕೆಯ ಎದುರು ಅಕ್ಕಿಯ ಮೇಲೆ ಮಕ್ಕಳ ಬೆರಳು ಹಿಡಿದು ಅಕ್ಷರ ಬರೆಸುತ್ತಾರೆ. ಕನ್ನಡನಾಡಿನ ದೇವಿ, ಮಲಯಾಳಂ ಅಕ್ಷರ. ಅಲ್ಲಿ ಇಂಟರಾಕ್ಷನ್ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೊಮ್ಮಗಳ ಪಕ್ಕ ಕೂರುವ ಹುಡುಗಿ ಗಂಗೊಳ್ಳಿಯ ಖಾರ್ವಿ ಮನೆಯವಳು. ಮನೆಯಲ್ಲಿ ಕೊಂಕಣಿ, ಕೇರಿ ದಾಟಿದರೆ ಕುಂದಾಪ್ರ, ಟಿವಿಯಲ್ಲಿ ಬೆಂಗಳೂರು ಕನ್ನಡ, ಕಾರ್ಟೂನಿನಲ್ಲಿ ಹಿಂದಿ. ಬೈಂದೂರು ದಾಟಿ ಶಿರೂರಿನಿಂದ ಬರುವ ಹುಡುಗನ ಮನೆಮಾತು ನವಾಯತಿ. ಬ್ರಹ್ಮಾವರ, ಬಾರ್ಕೂರಿನ ಬಸ್ಸಿನಲ್ಲಿ ಬರುವವರಿಗೆ ತುಳುವೂ ಇದೆ. ನಾಲ್ಕು ಭಾಷೆ ತಂದವರನ್ನು ದ್ವಿಭಾಷಿಗಳನ್ನಾಗಿ ಮಾಡಿ ಕಳಿಸುತ್ತೇವೆ ಎಂದು ನೀವು ಬರೆದುಕೊಟ್ಟಿದ್ದೀರಿ. ಬ್ಯಾಂಕಿನಲ್ಲಿ ಇದನ್ನು ಡೆಬಿಟ್ ಎನ್ನುತ್ತಿದ್ದೆವು.

ದ್ವಿಭಾಷಾ ಶಾಲೆ ನನಗೇನೂ ಹೊಸತಲ್ಲ, ನಿಮಗೂ ಅಲ್ಲ. 1966ರಲ್ಲಿ ಏಳನೇ ಕ್ಲಾಸು ಮುಗಿಸಿ ನಾವಿಬ್ಬರೂ ಒಟ್ಟಿಗೇ ಬೊಂಬಾಯಿಗೆ ಹೋದದ್ದು ನೆನಪಿದೆಯಲ್ಲ? ಫೋರ್ಟ್ ಕಡೆಯ ಹೋಟೆಲಿನಲ್ಲಿ ಹಗಲಿಡೀ ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಗೆ ಓಡುತ್ತಿದ್ದೆವು. 1902ರಲ್ಲಿ ಶುರುವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಮ್ಮಂಥ ಹೋಟೆಲ್ ಹುಡುಗರಿಗೆಂದೇ ಅಲ್ಲಿ ರಾತ್ರಿಶಾಲೆ ನಡೆಸುತ್ತಿದ್ದವು. ನೀರಿನಲ್ಲಿ ನೆಂದು ಬೆರಳ ತುದಿ ಸುಕ್ಕುಗಟ್ಟಿ ಪೆನ್ಸಿಲು ನಿಲ್ಲುತ್ತಿರಲಿಲ್ಲ. ಶೈಕ್ಷಣಿಕ ಗುರಿಯನ್ನು ಯಾರೂ ಅಚ್ಚುಹಾಕಿ ಕೊಟ್ಟಿರಲಿಲ್ಲ. ನಿದ್ದೆ ಹೋಗದೆ ಕೂರುವುದೇ ಗುರಿ. ನೀವು ಎರಡನೇ ಪೀರಿಯಡ್‌ಗೇ ನಿದ್ದೆ ಹೋಗಿಬಿಡುತ್ತಿದ್ದಿರಿ.

ಒಂದು ರಾತ್ರಿ ಮಾಷ್ಟ್ರು ಲಂಬಕೋನ ಎಂದರೇನು ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಅವರು ಎದ್ದು ಹೋಗಿ ಗೋಡೆಯೂ ನೆಲವೂ ಸೇರುವ ಮೂಲೆಯಲ್ಲಿ ಕೈಯಿಟ್ಟು, ‘ಕಸ ಗುಡಿಸುವಾಗ ಪೊರಕೆ ಸಿಕ್ಕಿಬೀಳುವ ಜಾಗ ಉಂಟಲ್ಲ, ಅದು’ ಎಂದರು. ಗುಡಿಸುವವರೇ ಆಗಿದ್ದ ನಮಗೆ ಮತ್ತೆ ಹೇಳಬೇಕಾಗಲಿಲ್ಲ. ಅದಾದ ಮೇಲೆ ‘ರೈಟ್ ಆಂಗಲ್’ ಎಂದು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆದರು. ತಿಳಿದ ಸಂಗತಿಗೆ ಇನ್ನೊಂದು ಹೆಸರು ಸೇರಿತು, ಅಷ್ಟೇ. ಯಜಮಾನರ ಹತ್ತಿರ ತುಳು, ಗಿರಾಕಿಗಳ ಹತ್ತಿರ ಹಿಂದಿ, ತರಕಾರಿ ಮಾರ್ಕೆಟಿನಲ್ಲಿ ಮರಾಠಿ ಕಲಿತದ್ದೂ ಹೀಗೇ. ಬ್ಯಾಂಕಿನ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆದೆ. ನೀವು ಗಲ್ಲೆಯ ಮೇಲೆ ಕೂತು ನನಗಿಂತ ಹೆಚ್ಚು ಕಲಿತಿರಿ. ಶಾಲೆ ಕಟ್ಟಿಸಿದವರು ನೀವೇ.

ಇಂಟರ್‌ನ್ಯಾಷನಲ್ ಎಂಬ ಮಾತನ್ನು ನೀವು ಅಷ್ಟು ಹಿಡಿದಿದ್ದೀರಿ ಎಂದು ನಾನೂ ಸ್ವಲ್ಪ ಓದಿದೆ. 1968ರಲ್ಲಿ ಜಿನೀವಾದಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಬಕಲೋರಿಯಾದಲ್ಲಿ, ಶಾಲೆಯಲ್ಲಿ ಕಲಿಸುವವರು ಇಲ್ಲದಿದ್ದರೂ ವಿದ್ಯಾರ್ಥಿ ತನ್ನ ತಾಯ್ನುಡಿಯ ಸಾಹಿತ್ಯವನ್ನು ತಾನೇ ಓದಿ ಪರೀಕ್ಷೆಗೆ ಕೂರಲು ದಾರಿ ಇಟ್ಟಿದ್ದಾರೆ. ಲಕ್ಸೆಂಬರ್ಗಿನಲ್ಲಿ ಮಕ್ಕಳು ಮನೆಯ ಲಕ್ಸೆಂಬರ್ಗಿಷ್ ಆಡುತ್ತಲೇ ಶಾಲೆಗೆ ಬಂದು, ಜರ್ಮನ್‌ನಲ್ಲಿ ಓದುಬರಹ ಹಿಡಿದು, ಮೇಲೆ ಫ್ರೆಂಚ್ ಕಲಿಯುವುದು ಬಹುಕಾಲದ ರೂಢಿ. ಇಷ್ಟಾಗಿಯೂ ಆ ದೇಶ ಬಡವಾಗಿಲ್ಲ. ಇರಲಿ, ಅವರದ್ದು ಯುರೋಪಿನ ಮಟ್ಟ. ನಾವು ಅಷ್ಟು ಇಂಟರ್‌ನ್ಯಾಷನಲ್ ಆಗಲು ಹೊತ್ತು ಬೇಕು.

ಹತ್ತಿರಕ್ಕೇ ಬರೋಣವೆಂದರೆ ನಿಮ್ಮ ಗೋಡೆಯ ಮೇಲೆ ಐನ್‌ಸ್ಟೈನ್, ಸ್ಟೀವ್ ಜಾಬ್ಸ್ ಇದ್ದಾರೆ. ಕೋಟದಲ್ಲಿ ಹುಟ್ಟಿ, ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೇ ಕನ್ನಡದಲ್ಲಿ ಕಟ್ಟಿಕೊಟ್ಟ ಶಿವರಾಮ ಕಾರಂತರು ಇಲ್ಲ. ನಿಮ್ಮ ಹಳದಿ ಬಸ್ಸು ದಿನಾ ಎರಡು ಸಲ ಅವರ ಊರಿನ ಮೇಲೆಯೇ ಓಡುತ್ತದೆ. ಮೊಗೇರಿಯ ಗೋಪಾಲಕೃಷ್ಣ ಅಡಿಗರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತ ಕನ್ನಡದಲ್ಲಿ ಕವಿತೆ ಬರೆದವರು. ಅವರೂ ಇಲ್ಲ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಯಾವ ಮಾಧ್ಯಮದಲ್ಲಿ ಓದಿಸಬೇಕು ಎಂಬುದು ಪೋಷಕರ ಆಯ್ಕೆ ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ಹೇಳಿದೆ. ಆ ಆಯ್ಕೆ ಮಾಡಿದವನು ನನ್ನ ಮಗ, ಫೀಸಿನಲ್ಲಿ ಅರ್ಧ ಕೊಟ್ಟವನು ನಾನು. ಆದ್ದರಿಂದ ಸಿಟ್ಟಿನಲ್ಲಿಯೂ ಅರ್ಧ ನನ್ನ ಮೇಲೆಯೇ. ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು ಎನ್ನುವ 2015ರ ಅಧಿನಿಯಮವೂ ಇದೆ, ನಿಮ್ಮ ಕಚೇರಿಗೆ ಅದು ಗೊತ್ತು. ದ್ವಿಭಾಷೆ ಎಂಬ ಹೆಸರಿನಲ್ಲಿ ಸರ್ಕಾರಿ ಶಾಲೆಗಳಲ್ಲೂ ಪುಸ್ತಕಗಳು ಬಂದಿವೆ. ಒಂದು ಪುಟದಲ್ಲಿ ಕನ್ನಡ, ಎದುರು ಪುಟದಲ್ಲಿ ಅದೇ ಪಾಠ ಇಂಗ್ಲಿಷಿನಲ್ಲಿ. ಕಾಗದ ಮಾತ್ರ ನಿಮ್ಮಷ್ಟು ನುಣುಪಿಲ್ಲ, ಪೆನ್ಸಿಲು ನಿಲ್ಲುತ್ತದೆ.

ನಿಮ್ಮಲ್ಲಿ ಎರಡು ಭಾಷೆ ಇಲ್ಲ ಎಂದು ನಾನು ಸುಳ್ಳು ದೂರು ಹೇಳುವುದಿಲ್ಲ. ಇವೆ. ಬಸ್ಸಿನ ಡ್ರೈವರನಿಗೆ, ಆಯಾಗಳಿಗೆ, ಪಾಯಿಖಾನೆ ತೊಳೆಯುವವಳಿಗೆ ಕನ್ನಡ. ಟೀಚರಿಗೆ, ಪ್ರಿನ್ಸಿಪಾಲರಿಗೆ, ಫೀಸು ಕಟ್ಟುವ ಕೌಂಟರಿಗೆ ಇಂಗ್ಲಿಷ್. ಯಾರಿಗೆ ಯಾವುದು ಎಂದು ಯಾರೂ ಪಾಠ ಮಾಡಲಿಲ್ಲ, ಮೊಮ್ಮಗಳು ಮೂರೇ ದಿನದಲ್ಲಿ ಕಲಿತಳು. ನಾಲ್ಕನೇ ದಿನ ಮನೆಗೆ ಬಂದವಳು ಬ್ಯಾಂಕ್ ಮ್ಯಾನೇಜರಾಗಿದ್ದ ನನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿದಳು, ಒಳಗೆ ಬಸಳೆ ಹೆಚ್ಚುತ್ತಿದ್ದ ಅಜ್ಜಿಯ ಹತ್ತಿರ ಕನ್ನಡದಲ್ಲಿ ನೀರು ಕೇಳಿದಳು. ಅಜ್ಜಿ ನೀರು ಕೊಟ್ಟಳು. ಆಮೇಲೆ ರಾತ್ರಿ ಉಂಬವರೆಗೂ ಯಾರ ಹತ್ತಿರವೂ ಮಾತಾಡಲಿಲ್ಲ. ನಿಮ್ಮ ಕೊನೆಯ ಪುಟದಲ್ಲಿ ಈ ಗುರಿ ಬರೆದಿಲ್ಲ. ಆದರೆ ಪೂರ್ತಿ ಈಡೇರಿದ್ದು ಇದೊಂದೇ.

ಹ್ವಾಯ್, ‘ಅಧ್ಯಕ್ಷರೇ’ ಎಂದು ಬರೆದು ಕೈ ಸೋತಿತು. ಮೊನ್ನೆ ನಿಮ್ಮ ತಾಯಿ ಆಸ್ಪತ್ರೆಯಲ್ಲಿದ್ದಾಗ ನೋಡಲು ಬಂದಿದ್ದೆ. ಲಂಡನ್ನಿನ ಮೊಮ್ಮಗ ಫೋನಿನ ಪರದೆಯಲ್ಲಿ ‘ಹೌ ಆರ್ ಯೂ’ ಎಂದ. ಅವರು ನಕ್ಕು ಫೋನನ್ನು ನಿಮ್ಮ ಕೈಗೆ ಕೊಟ್ಟರು. ನೀವು ಎರಡು ಕಡೆಗೂ ಅನುವಾದ ಮಾಡುತ್ತ ನಿಂತಿದ್ದಿರಿ. ತುಂಬ ಚೆನ್ನಾಗಿ ಮಾಡಿದಿರಿ. ಅದರ ಬಗ್ಗೆ ಇಲ್ಲಿ ಬರೆಯಬಾರದಿತ್ತೇನೋ.

ನನ್ನ ಬೇಡಿಕೆ ಸಣ್ಣದು. ಆ ಕೊಡೆಯ ಚಿತ್ರ ಇನ್ನೂ ನಮ್ಮ ಮನೆಯಲ್ಲೇ ಇದೆ, ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ. ಮುಂದಿನ ವರ್ಷದ ಮಕ್ಕಳಿಗೆ ಬೇಕಾಗುತ್ತದೆ.

ನಿನ್ನೆ ವೇಳಾಪಟ್ಟಿ ಬಂತು. ಬಣ್ಣಬಣ್ಣದ ಚೌಕಗಳು; ನನ್ನ ಕನ್ನಡಕಕ್ಕೆ ಅಕ್ಷರ ಸಣ್ಣದಾಯಿತು. ಮೊಮ್ಮಗಳನ್ನೇ ಕರೆದು ಕೇಳಿದೆ.

‘ಕನ್ನಡ ಇತ್ತಾ ಮಗಾ?’

ಅವಳು ಬೆರಳಿಟ್ಟು ಮೇಲಿಂದ ಕೆಳಗೆ ಹುಡುಕಿದಳು.

‘ಇತ್ತ್, ಅಜ್ಜಯ್ಯ. ಶುಕ್ರವಾರ, ಕಡೇ ಪೀರಿಯಡ್.’

ಇಂತಿ ನಿಮ್ಮ ಹಳೆಯ ಜತೆಗಾರ,
ಒಂದನೇ ಕ್ಲಾಸಿನ ಒಬ್ಬಳ ಅಜ್ಜಯ್ಯ