ಒಳಮನೆಯ ಮೆಟ್ಟು

ದೆಹಲಿಯ ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಬಾಗಿಲ ಮುಂದೆ ನಿಂತರೆ ಸಾಕು, ಒಳಗಿರುವವರು ಯಾವ ಕಡೆಯವರೆಂದು ಹೇಳಿಬಿಡಬಹುದು. ಚಪ್ಪಲಿ ಸ್ಟ್ಯಾಂಡ್ ಬಾಗಿಲ ಹೊರಗಿದ್ದರೆ ದಕ್ಷಿಣದವರು. ಒಳಮಗ್ಗುಲಿಗೆ ಇದ್ದರೆ, ಒಮ್ಮೆ ಹೊಸ ಶೂ ಕಳೆದುಕೊಂಡ ದಕ್ಷಿಣದವರು. ಸ್ಟ್ಯಾಂಡೇ ಇಲ್ಲದೆ ಬೂಟುಗಾಲಲ್ಲೇ ಸೋಫಾದವರೆಗೆ ಬರುವವರು ಮಿಕ್ಕವರೆಲ್ಲ. ಈ ವರ್ಗೀಕರಣ ನಮ್ಮ ಅತ್ತೆಯದು. ತಿಪಟೂರಿನಿಂದ ಬಂದು ನಮ್ಮ ಜೊತೆ ನೆಲೆಸಿದ ಮೇಲೆ ಉತ್ತರ ಭಾರತದ ಬಗ್ಗೆ ಅವರು ಮಾಡಿದ ಏಕೈಕ ಸಂಶೋಧನೆ. ಅಪವಾದ ತೋರಿಸಿದರೆ, "ಅವರ ಅಜ್ಜಿ ನಮ್ಮ ಕಡೆಯವರಿರಬೇಕು" ಅನ್ನುತ್ತಾರೆ.

ಇಂಥ ಮನೆಗೆ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು: ಮಾವನವರಿಗೆ ಎರಡು ಜೊತೆ ಚಪ್ಪಲಿ, ಒಂದು ಹೊರಗೆ, ಒಂದು ಮನೆಯೊಳಗೆ. ಇನ್ಸುಲಿನ್ ಹೆಚ್ಚಿಸಿದಾಗ, ಮಾವಿನಹಣ್ಣು ನಿಲ್ಲಿಸಿದಾಗ ಸುಮ್ಮನೆ ತಲೆಯಾಡಿಸಿದ್ದ ಅತ್ತೆ ಈ ಸಲ ಬಾಯಿಬಿಟ್ಟರು. "ಒಳಗೆ ಅಂದ್ರೆ ಎಲ್ಲಿವರೆಗೆ?"

ಮಾವನವರು ನಿವೃತ್ತ ಹೆಡ್‌ಮಾಸ್ಟರು, ಕನ್ನಡ ಪಾಠ ಮಾಡಿದವರು. ಶುಗರ್ ಬಂದು ಎಷ್ಟು ಕಾಲವಾಯಿತೆಂದರೆ, ಅದನ್ನು ಕಾಯಿಲೆ ಅನ್ನುವುದನ್ನೇ ಬಿಟ್ಟು ಸಂಬಳದ ಜೊತೆ ಬಂದ ಭತ್ಯೆ ಅನ್ನುತ್ತಾರೆ. ಕಾಲು ಜೋಮು ಹಿಡಿದದ್ದು ಮಾತ್ರ ಅವರಿಗೂ ಗೊತ್ತಿರಲಿಲ್ಲ. ಒಂದು ಸಂಜೆ ಪಾರ್ಕಿನಿಂದ ಬರುವಾಗ ಅವರ ಎಡಗಾಲಿನ ಹವಾಯಿ ಚಪ್ಪಲಿ ದಾರಿಯಲ್ಲೇ ಉಳಿದಿತ್ತು. ಗೇಟಿನ ಗಾರ್ಡ್ ಅದನ್ನು ಕೈಯಲ್ಲಿ ಹಿಡಿದು, "ಅಂಕಲ್ ಜೀ, ಯೇ ಆಪ್ ಕಾ ಹೈ ಕ್ಯಾ?" ಎಂದು ಲಿಫ್ಟಿನವರೆಗೆ ಓಡಿಬಂದ. ಮಾವ ಇಂಥದ್ದು ತಮ್ಮದಲ್ಲ ಎಂದು ಗಂಭೀರವಾಗಿ ನಿರಾಕರಿಸಿ, ಆಮೇಲೆ ಕಾಲು ನೋಡಿಕೊಂಡರು. ಕಾಲಿನಿಂದ ಚಪ್ಪಲಿ ಕಳಚಿದ್ದು ತಿಳಿಯದವರಿಗೆ ಚಪ್ಪಲಿಯೊಳಗೆ ಕಲ್ಲು ಹೊಕ್ಕಿದ್ದೂ ತಿಳಿಯುವುದಿಲ್ಲ. ಅಪಾಯ ಇರುವುದು ಅಲ್ಲೇ.

ಡಾಕ್ಟರು ಮಾಡಿದ ಪರೀಕ್ಷೆಯೂ ಸೊಗಸಾಗಿತ್ತು. ಒಂದು ಹಿಡಿಕೆಯ ತುದಿಯಲ್ಲಿ ನೈಲಾನ್ ಎಳೆ. ಅಂಗಾಲಿಗೆ ಒತ್ತಿದರೆ ಸರಿಯಾಗಿ 10 ಗ್ರಾಂ ಭಾರಕ್ಕೆ ಅದು ಬಾಗುತ್ತದೆ. ಕಣ್ಣು ಮುಚ್ಚಿಕೊಂಡು, ತಾಗಿದಾಗಲೆಲ್ಲ "ಹ್ಞೂಂ" ಅನ್ನಬೇಕು. ಜೀವನಪೂರ್ತಿ ನಕಲು ಹಿಡಿದ ಮನುಷ್ಯ ತಾನೇ ಪರೀಕ್ಷೆಗೆ ಕೂತಾಗ ಏನು ಮಾಡುತ್ತಾನೆಂದು ಆ ದಿನ ನೋಡಿದೆ. ಡಾಕ್ಟರ ಕೋಟಿನ ತೋಳು ಸರಕ್ ಎಂದಾಗಲೆಲ್ಲ "ಹ್ಞೂಂ". ಕುರ್ಚಿ ಕಿರ್ ಎಂದರೆ "ಹ್ಞೂಂ". ಡಾಕ್ಟರು ಎಳೆಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತಾಗಲೂ, ಮರ್ಯಾದೆಗೆಂಬಂತೆ, ಇನ್ನೊಂದು "ಹ್ಞೂಂ". ಹೆಬ್ಬೆರಳ ಬುಡದಲ್ಲಿ ಆಣಿ ಕಟ್ಟಿತ್ತು. ಅದರ ಸುತ್ತ ಚರ್ಮ ಬಿರುಸಾಗಿ ಹಳದಿಗಟ್ಟಿತ್ತು. ನಡೆದಂತೆಲ್ಲ ಅದೇ ಜಾಗಕ್ಕೆ ಒತ್ತು ಬಿದ್ದು ಅಡಿಯಲ್ಲಿ ಹುಣ್ಣಾಗುತ್ತದೆ, ಮೇಲೆ ಏನೂ ಕಾಣುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಮಾವ ಆಗ ಮಾತ್ರ ಸುಮ್ಮನಿದ್ದರು.

ಡಾಕ್ಟರು ಬರೆದುಕೊಟ್ಟದ್ದು ಎಂಸಿಆರ್, ಅಂದರೆ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ. ಅದಕ್ಕೆ ಒಂದು ಚರಿತ್ರೆಯಿದೆ, ಅದು ಶುಗರಿನದಲ್ಲ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠ ರೋಗಿಗಳ ಕೈಕಾಲು ಕೊಳೆತು ಉದುರುವುದಿಲ್ಲ, ನೋವೇ ಗೊತ್ತಾಗದ ಕಾಲನ್ನು ಅವರು ಗಾಯದ ಮೇಲೆ ಗಾಯ ಮಾಡಿಕೊಂಡು ಸವೆಸುತ್ತಾರೆ ಎಂದು ಕಂಡುಕೊಂಡವರು ಅವರು. ವೆಲ್ಲೂರು ಮತ್ತು ಪಕ್ಕದ ಕರಿಗಿರಿಯಲ್ಲಿ ಇಂಥ ಕಾಲುಗಳಿಗೆಂದೇ ಸಣ್ಣ ಸಣ್ಣ ಗಾಳಿಗೂಡುಗಳಿರುವ ಮೆತ್ತನೆಯ ರಬ್ಬರಿನ ಚಪ್ಪಲಿ ರೂಪುಗೊಂಡಿತು. 1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಯಿಸಿಯಾನದ ಕಾರ್ವಿಲ್ಲಿಗೆ ಹೋದಾಗ, ಅಲ್ಲಿನ ಸಕ್ಕರೆ ಕಾಯಿಲೆಯವರ ಅಂಗಾಲಿನಲ್ಲೂ ಅದೇ ಹುಣ್ಣು, ಅದೇ ಕಾರಣ. ಹೀಗೆ ಬಡವರ ಚಪ್ಪಲಿಯ ಪಾಠ ಶ್ರೀಮಂತರ ದೇಶಕ್ಕೆ ಹೋಯಿತು. ಸಾಮಾನ್ಯವಾಗಿ ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುತ್ತದೆ, ಆದ್ದರಿಂದ ಇದನ್ನು ಹೇಳಬೇಕೆನಿಸಿತು. ಒಂದು ಕಾಲಕ್ಕೆ ಈ ಚಪ್ಪಲಿ ಕಂಡರೇ ಜನ ದೂರ ಸರಿಯುತ್ತಿದ್ದರು, ರೋಗ ಬಯಲಾದೀತೆಂದು ರೋಗಿಗಳೂ ಮೆಟ್ಟಲು ಹೆದರುತ್ತಿದ್ದರು. ಶುಗರ್ ಬಂದು ಅದಕ್ಕೆ ಮಾನ ತಂದುಕೊಟ್ಟಿತು.

ನೋಡಲಿಕ್ಕೆ ಮಾತ್ರ ಮಾನ ಅಷ್ಟಕ್ಕಷ್ಟೆ. ಕಪ್ಪು, ಅಗಲ, ದಪ್ಪ. ಕಾಲು ಇಡುವ ಕಡೆ ಬೆರಳಿನಿಂದ ಒತ್ತಿದರೆ ತಗ್ಗಿ ನಿಧಾನವಾಗಿ ಮೇಲೇಳುವ ರಬ್ಬರು, ಅಡಿಯಲ್ಲಿ ಮುಳ್ಳು ಮೊಳೆ ನುಗ್ಗದಂಥ ಗಟ್ಟಿ ಅಟ್ಟೆ. ಹೆಬ್ಬೆರಳು ತೂರಿಸುವ ಉಂಗುಟ ಇಲ್ಲ, ಬೆರಳ ಸಂದಿ ಉಜ್ಜಿ ಗಾಯವಾಗುತ್ತದೆಂದು. ಜೋಡಣೆಗೆ ಒಂದೂ ಮೊಳೆಯಿಲ್ಲ. ಹಿಮ್ಮಡಿಗೆ ಪಟ್ಟಿ ಇರಲೇಬೇಕು, ಇಲ್ಲವಾದರೆ ಮತ್ತೆ ಗಾರ್ಡ್ ಓಡಿಬರಬೇಕು. ಕೊಳ್ಳುವುದು ಸಂಜೆ ಹೊತ್ತು, ಆಗ ಕಾಲು ಸ್ವಲ್ಪ ಬಾತಿರುತ್ತದೆ. ಹೊಸದರಲ್ಲಿ ಒಂದೆರಡು ಗಂಟೆ ಹಾಕಿ ತೆಗೆದು, ಎಲ್ಲಾದರೂ ಕೆಂಪಗಾಗಿದೆಯೇ ನೋಡಬೇಕು. ಮೆಟ್ಟುವ ಮೊದಲು ಒಳಗೆ ಕೈ ಹಾಕಿ ತಡವಿ ಕೊಡವಬೇಕು. ಈ ಕೊನೆಯ ಕೆಲಸಕ್ಕೆ ಮೊಮ್ಮಗ ನೇಮಕವಾಗಿದ್ದಾನೆ. ಅದರಲ್ಲಿ ಅವನಿಗೆ ಇದುವರೆಗೆ ಸಿಕ್ಕಿದ ದೊಡ್ಡ ಬೇಟೆ ಅವನದೇ ಲೆಗೋ ತುಂಡು.

ಹೊರಗಿನ ಜೊತೆಗೆ ತಕರಾರಿಲ್ಲ. ಯುದ್ಧ ನಡೆದದ್ದು ಒಳಗಿನ ಜೊತೆಗಾಗಿ. ಅತ್ತೆಯ ವಾದ ಸರಳ: ಮನೆ ನೆಲ ದಿನಾ ಒರೆಸುತ್ತೇವೆ, ಮುಳ್ಳೆಲ್ಲಿಂದ ಬರಬೇಕು? ಮಾವ ಪುರಾಣ ತೆಗೆದರು. ಭರತ ಸಿಂಹಾಸನದ ಮೇಲೆ ಇಟ್ಟದ್ದು ಏನನ್ನು? "ಅದು ರಾಮನದು, ನಿಮ್ಮದಲ್ಲ." ಮಠದಲ್ಲಿ ಸ್ವಾಮಿಗಳು ಹಾವುಗೆ ಮೆಟ್ಟಿಕೊಂಡೇ ಒಳಗೆ ಓಡಾಡುವುದಿಲ್ಲವೇ? "ನೀವೂ ಸನ್ಯಾಸ ತಗೊಳ್ಳಿ, ಬೇಡ ಅಂದೋರ್ಯಾರು?" ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಮಾಡಿಕೊಟ್ಟ ಚಮ್ಮಾವುಗೆಯನ್ನು ಬಸವಣ್ಣ ತಲೆಯ ಮೇಲೆ ಹೊತ್ತನಂತೆ ಎಂದರು ಮಾವ. ಅತ್ತೆ, "ಹೊತ್ತುಕೊಂಡ, ಮೆಟ್ಟಲಿಲ್ಲ. ನೀವೂ ಹೊತ್ತುಕೊಂಡು ಓಡಾಡಿ," ಎಂದು ಅಡುಗೆಮನೆಗೆ ನಡೆದರು. ಮೂರು ಪುರಾಣವೂ ಸೋತವು.

ನಾನು ಅಂಕಿ ಅಂಶದ ಕಡೆಗೆ ಹೋದೆ. 1995ರ ಇಟಲಿಯ ಅಧ್ಯಯನವೊಂದರಲ್ಲಿ, ಮೊದಲೇ ಹುಣ್ಣಾಗಿ ವಾಸಿಯಾದವರ ಪೈಕಿ ಮಾಮೂಲು ಶೂ ಹಾಕಿದವರಲ್ಲಿ ಒಂದು ವರ್ಷದಲ್ಲಿ ಶೇ. 58 ಮಂದಿಗೆ ಹುಣ್ಣು ಮರುಕಳಿಸಿತು, ವಿಶೇಷ ಶೂ ಹಾಕಿದವರಲ್ಲಿ ಶೇ. 28ಕ್ಕೆ ಇಳಿಯಿತು. ನನಗೆ ಹೆಚ್ಚು ಹಿಡಿಸಿದ್ದು 2013ರ ನೆದರ್‌ಲ್ಯಾಂಡ್ಸ್ ಅಧ್ಯಯನ. 107 ಜನರ ಶೂ ಒಳಗೂ ಕಾಲಿಗೂ ಅಳತೆಯ ಯಂತ್ರ ಇಟ್ಟು ನೋಡಿದರಂತೆ. ಹೊರಗೆ ಇಡುವ ಹೆಜ್ಜೆಗಳಲ್ಲಿ ಶೇ. 87 ಶೂ ಹಾಕಿಕೊಂಡು, ಮನೆಯಲ್ಲಿ ಶೇ. 61 ಮಾತ್ರ. ಆದರೆ ಅವರು ಹೆಚ್ಚು ನಡೆದದ್ದು ಮನೆಯೊಳಗೇ! ಅಡುಗೆಮನೆ, ಬಚ್ಚಲು, ಬಾಲ್ಕನಿ, ಮತ್ತೆ ಕನ್ನಡಕ ಹುಡುಕಿಕೊಂಡು ಅಡುಗೆಮನೆ. ಹೊಸ್ತಿಲು, ಮಡಿ, ಅತ್ತೆ ಯಾವುದೂ ಇಲ್ಲದ ಡಚ್ಚರ ಮನೆಯಲ್ಲೇ ಈ ಗತಿಯಾದರೆ ನಮ್ಮ ಲೆಕ್ಕ ಎಷ್ಟಕ್ಕೆ ನಿಂತೀತು? ಚಪ್ಪಲಿ ತಯಾರಿಸುವವರು ರಬ್ಬರಿನ ಮೆದುವನ್ನೇ ಎಷ್ಟಾದರೂ ಅಳೆದುಕೊಳ್ಳಲಿ, ನಮ್ಮಲ್ಲಿ ಅದು ಕೆಲಸಕ್ಕೆ ಬರುವುದೂ ಬಾರದಿರುವುದೂ ತೀರ್ಮಾನವಾಗುವುದು ಹೊಸ್ತಿಲಲ್ಲಿ ಎಂದು ನನಗೆ ಖಾತ್ರಿಯಾಯಿತು.

ಅತ್ತೆ ಸೋತದ್ದು ಅಂಕಿಗಲ್ಲ, ಜನವರಿಗೆ. ದೆಹಲಿಯ ಚಳಿಯಲ್ಲಿ ಫ್ಲ್ಯಾಟಿನ ನೆಲ ಕೊರೆಯುತ್ತದೆ. ಮಾವ ಬ್ಲೋವರ್ ಮುಂದೆ ಕಾಲು ಚಾಚಿ ಪೇಪರ್ ಓದುತ್ತಿದ್ದರು. ಕಾಲುಚೀಲ ಸುಟ್ಟ ವಾಸನೆ ಅಡುಗೆಮನೆಗೆ ಬಂದಮೇಲೆ ಅತ್ತೆ ಓಡಿಬಂದು ಸ್ವಿಚ್ ಆರಿಸಿದರು. ಮಾವ ಮೂರನೇ ಪುಟದಲ್ಲಿದ್ದರು. ಚರ್ಮ ಕೆಂಪಾಗಿತ್ತು ಅಷ್ಟೇ, ಬೊಬ್ಬೆ ಬಂದಿರಲಿಲ್ಲ. ಅಂದು ಸಂಜೆಯೇ ರಾಜಿಸೂತ್ರ ಹೊರಬಿತ್ತು. ಒಳಗಿನ ಜೊತೆ ಹೊಸದಾಗಿಯೇ ಒಳಗೆ ಬರಬೇಕು, ಒಮ್ಮೆಯೂ ಹೊರಗೆ ಹೋಗಕೂಡದು. ಪ್ರತಿ ಶನಿವಾರ ಅಟ್ಟೆಗೆ ಸೋಪು ನೀರು. ದೇವರ ಮನೆಯ ಬಾಗಿಲಲ್ಲಿ ಒಂದು ಕುರ್ಚಿ, ಅಲ್ಲಿ ಕೂತೇ ಸಂಧ್ಯಾವಂದನೆ. ರಂಗೋಲಿ ತುಳಿದರೆ ಒಪ್ಪಂದ ರದ್ದು.

ಗುಡಿಯ ವಿಷಯ ಇನ್ನೂ ಬಾಕಿಯಿದೆ. ಸೆಕ್ಟರ್ 13ರ ಇಸ್ಕಾನ್ ಮಂದಿರಕ್ಕೆ ಮಾವ ಬೇಸಿಗೆಯಲ್ಲಿ ಹೋಗುವುದು ಬೆಳಗಿನ ತಂಪಿನಲ್ಲೇ. ಮಧ್ಯಾಹ್ನದ ಕಾದ ಕಲ್ಲು ಅಂಗಾಲನ್ನು ಬೇಯಿಸಿದರೂ ಅವರಿಗೆ ಸುಳಿವು ಹತ್ತದು. ಅಲ್ಲಿರುವವನು ರುಕ್ಮಿಣಿಯ ಸಮೇತ ದ್ವಾರಕಾಧೀಶ. ದ್ವಾರಕೆಯ ಒಡೆಯನಿಗೇ ಕೊನೆಗೆ ಮುಳುವಾದದ್ದು ಅಂಗಾಲಿಗೆ ತಗುಲಿದ ಜರಾ ಎಂಬ ಬೇಡನ ಬಾಣ ಎಂದು ಮಾವ ಪಾರ್ಕಿನ ಗೆಳೆಯರಿಗೆ ಹಿಂದಿಯಲ್ಲಿ ಹೇಳುತ್ತಾರೆ. ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿದ್ದರಿಂದ ಆ ಕಥೆಗೆ ತಿಮ್ಮಣ್ಣ ಕವಿಯನ್ನೇ ಓದಬೇಕು ಎಂದೂ ಸೇರಿಸುತ್ತಾರೆ. ಯಾರೂ ಓದುವುದಿಲ್ಲ. ಅವರೆಲ್ಲ ಬೆಳಗ್ಗೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಕಣ್ಣಿಗೆ ಒಳ್ಳೆಯದೆಂದು ನಂಬಿದವರು. ಉರುಟುಕಲ್ಲು ಹಾಸಿದ ಅಕ್ಯುಪ್ರೆಶರ್ ದಾರಿಯಲ್ಲಿ ಶುಗರ್ ಇಳಿಸಲು ಹೆಜ್ಜೆ ಹಾಕುವ ಹರಿಯಾಣದ ಒಬ್ಬ ತಾವೂಜಿಯನ್ನು ಮಾವ ದಿನಾ ತಡೆಯುತ್ತಾರೆ, ಅವರು ದಿನಾ ನಗುತ್ತಾರೆ.

ಮೊನ್ನೆ ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ಊಟವಿತ್ತು. ಪಂಕ್ತಿಯ ಪಕ್ಕ ಚಪ್ಪಲಿ ಬಿಡುವ ಜಾಗದಲ್ಲಿ ಮಾವನದರಂಥದ್ದೇ ಕಪ್ಪು ಜೊತೆಗಳು ಸಾಲಾಗಿದ್ದವು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಎಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಹೇಳಿದ್ದನ್ನು ಅಲ್ಲೇ ಕಣ್ಣಾರೆ ಕಂಡಂತಾಯಿತು. ಮಾವ ಮಾತ್ರ ಬಿಚ್ಚಲಿಲ್ಲ, ಹಾಕಿಕೊಂಡೇ ಮೇಜಿನ ಸಾಲಿನಲ್ಲಿ ಕೂತರು. ಎದುರಿಗೆ ಕೂತ ಧಾರವಾಡದ ಹಿರಿಯರೊಬ್ಬರು ಮೇಜಿನ ಕೆಳಗೆ ಬಗ್ಗಿ ನೋಡಿ, "ಏನ್ರೀ ಸರ, ಚಪ್ಲಿ ಹಾಕ್ಕೊಂಡ ಊಟಕ್ಕ ಕುಂತೀರಲ್ಲ?" ಎಂದರು. ಮಾವ ಕಾರಣ ಹೇಳಿದರು. ಆ ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, ಎದ್ದು ಹೋಗಿ, ಬಿಟ್ಟ ಚಪ್ಪಲಿಯನ್ನು ಮೆಟ್ಟಿಕೊಂಡು ಬಂದು ಕೂತರು. ಪಾಯಸ ಬಡಿಸಲು ಬಂದ ಹುಡುಗನಿಗೆ ಇಬ್ಬರೂ ಒಟ್ಟಿಗೆ, "ಅರ್ಧ ಸೌಟು ಹಾಕು" ಎಂದರು.