ಹಕ್ಕಿ ಹೊಡೆಯದ ಕೋವಿಗಳು

ಕೋವಿಗೆ ಮರ್ಯಾದೆ ಬರುವುದು ಅದು ಹೊಡೆದ ಬೇಟೆಯಿಂದ ಎಂದು ನಂಬಿಕೊಂಡೇ ನಾನು ಮಲೆನಾಡು ಬಿಟ್ಟು ಅಮೆರಿಕಕ್ಕೆ ಬಂದವನು. ನಮ್ಮಜ್ಜನ ಕೇಪಿನ ಕೋವಿ ಇದ್ದದ್ದು ಅಡಿಕೆ ತೋಟದ ಮಂಗಗಳನ್ನು ಹೆದರಿಸುವುದಕ್ಕೆ. ಆದರೂ ಅದು ಒಂದು ಕಾಲದಲ್ಲಿ ಹುಲಿ ಹೊಡೆದಿತ್ತೆಂಬ ವದಂತಿಯನ್ನು ಮನೆಯವರು ಕೋವಿಗಿಂತ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು. ಕನೆಕ್ಟಿಕಟ್‌ನಲ್ಲಿ ನೆರೆಮನೆಯ ಹಿರಿಯರು ತಮ್ಮ ಸಂಗ್ರಹ ತೋರಿಸಿದ ಮೇಲೆ ನನ್ನ ನಂಬಿಕೆಯ ಬುಡವೇ ಅಲ್ಲಾಡಿತು. ಅವರ ಲೆಕ್ಕದಲ್ಲಿ ಕೋವಿ ಕಡಿಮೆ ಹೊಡೆದಷ್ಟೂ ಬೆಲೆ ಜಾಸ್ತಿ. ಒಂದು ಹಕ್ಕಿಯನ್ನೂ ಕೆಡವದ ಕೋವಿ ಸಿಕ್ಕರಂತೂ ಅವರು ಮನೆ ಅಡವಿಟ್ಟಾರು.

ಅವರು ಆರಾಧಿಸುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಎರಡನೆಯ ಮಹಾಯುದ್ಧದವರೆಗೆ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ತಯಾರಾದ ಜೋಡುನಳಿಗೆ ಕೋವಿಗಳನ್ನು. ಮೆರಿಡನ್ ಊರಿನ ಪಾರ್ಕರ್, ಸಿರಕ್ಯೂಸ್‌ನ ಲೆಫೀವರ್ ಮತ್ತು ಎಲ್. ಸಿ. ಸ್ಮಿತ್, ನ್ಯೂಯಾರ್ಕ್ ರಾಜ್ಯದ ಇಥಾಕಾ, ಫಿಲಡೆಲ್ಫಿಯಾದ ಎ. ಎಚ್. ಫಾಕ್ಸ್: ಇವು ಅವರ ಪಂಚಾಯತನ. ಆದರೆ ದೇವರುಗಳ ಪೂರ್ವಾಶ್ರಮ ವಿಚಾರಿಸಬಾರದು. ಚಾರ್ಲ್ಸ್ ಪಾರ್ಕರ್ ಮೊದಲು ಹೆಸರು ಮಾಡಿದ್ದು ಕಾಫಿ ಬೀಜ ಪುಡಿ ಮಾಡುವ ಗಿರಣಿಯಿಂದ. ಅಂಥ ಪುಣ್ಯದ ಕೆಲಸ ಬಿಟ್ಟು ಕೋವಿಗೆ ಯಾಕೆ ಕೈಹಾಕಿದನೆಂಬುದು ಕಾಫಿನಾಡಿನ ಪಕ್ಕದವನಾದ ನನಗೆ ಇನ್ನೂ ಬಗೆಹರಿದಿಲ್ಲ. ಲೈಮನ್ ಸ್ಮಿತ್ 1890ರ ಹೊತ್ತಿಗೆ ಕೋವಿ ವ್ಯಾಪಾರವನ್ನು ಫುಲ್ಟನ್ ಊರಿನ ಹಂಟರ್ ಕುಟುಂಬಕ್ಕೆ ಮಾರಿ ಟೈಪ್‌ರೈಟರ್ ಕಡೆ ತಿರುಗಿದ. 1934ರಲ್ಲಿ ಪಾರ್ಕರ್ ಕೋವಿ ರೆಮಿಂಗ್ಟನ್ ಕಂಪನಿಯ ಪಾಲಾಯಿತು. ಆ ಹೆಸರಿನ ಟೈಪ್‌ರೈಟರುಗಳು ನಮ್ಮ ಸರ್ಕಾರಿ ಕಚೇರಿಗಳಲ್ಲಿ ದಶಕಗಳ ಕಾಲ ಟಕಟಕ ಎಂದಿವೆ. ಕೋವಿ, ಟೈಪ್‌ರೈಟರ್ ಎರಡರಲ್ಲಿ ಹೆಚ್ಚು ಜನರನ್ನು ಗಾಯಗೊಳಿಸಿದ್ದು ಯಾವುದು ಎಂಬುದನ್ನು ಕಚೇರಿಯಿಂದ ನೋಟೀಸು ಪಡೆದವರು ಹೇಳಬೇಕು.

ಇನ್ನು ದರ್ಜೆಯ ವಿಚಾರ. ಕೆತ್ತನೆ, ಮರದ ಗುಣ, ಕೈಕೆಲಸದ ನಯ ಹೆಚ್ಚಿದಂತೆ ದರ್ಜೆ ಏರುತ್ತದೆ. ಒಳಗಿನ ಯಂತ್ರ ಮಾತ್ರ ಹೆಚ್ಚುಕಡಿಮೆ ಅದೇ. ಪಾರ್ಕರ್‌ನಲ್ಲಿ ತಳದಲ್ಲಿ ಟ್ರೋಜನ್. ಅಲ್ಲಿಂದ ವಿ, ಜಿ, ಡಿ, ಸಿ, ಬಿ, ಎ ಎಂದು ಇಂಗ್ಲಿಷ್ ಅಕ್ಷರಮಾಲೆಯನ್ನು ಹಿಂದಿನಿಂದ ಹತ್ತಬೇಕು. ಎ ಮುಟ್ಟಿ ಉಸಿರು ಬಿಡುವಷ್ಟರಲ್ಲಿ ಮೇಲೆ ಡಬಲ್ ಎ, ಅದರ ಮೇಲೆ ಎ-ಒನ್ ಸ್ಪೆಷಲ್, ಎಲ್ಲಕ್ಕೂ ಮೇಲೆ ‘ಇನ್‌ವಿನ್ಸಿಬಲ್’ ಕೂತಿರುತ್ತವೆ. ಈ ಅಜೇಯರ ಪೈಕಿ ಲೋಕಕ್ಕೆ ಗೊತ್ತಿರುವುದು ಮೂರೇ. ಹೋರಾಟಕ್ಕೇ ಇಳಿಯದವರನ್ನು ಸೋಲಿಸುವುದಾದರೂ ಹೇಗೆ! ಫಾಕ್ಸ್‌ನಲ್ಲಿ ಎಲ್ಲ ತಿರುಗುಮುರುಗು: ಎ ಕೆಳಗೆ, ಎಫ್ ತುದಿಯಲ್ಲಿ. ನೆರೆಮನೆಯವರ ಮೊಮ್ಮಗ ಗಣಿತದಲ್ಲಿ ಎಫ್ ತೆಗೆದುಕೊಂಡು ಬಂದ ದಿನ, “ತಾತ, ಇದು ಫಾಕ್ಸ್ ಲೆಕ್ಕ” ಅಂದನಂತೆ. ಸ್ಮಿತ್ ಕೋವಿಗಳಿಗೆ ಅಂಕಿಗಳ ಬದಲು ಹೆಸರುಗಳು ಬಂದಾಗ ‘ಐಡಿಯಲ್’ ಎಂಬುದಕ್ಕೆ ಸಿಕ್ಕಿದ್ದು ಕೆಳಗಿನಿಂದ ಎರಡನೆಯ ಮೆಟ್ಟಿಲು. ಆದರ್ಶಕ್ಕೆ ಎಲ್ಲ ಕಡೆಯೂ ಇದೇ ಗತಿ.

ಕೆತ್ತನೆಯನ್ನು ಭೂತಗನ್ನಡಿ ಹಿಡಿದು ನೋಡಬೇಕು. ಉಕ್ಕಿನ ಮೇಲೆ ಬಳ್ಳಿ ಸುರುಳಿ, ಪೊದೆ, ಪೊದೆಯೊಳಗೆ ಲಾವಕ್ಕಿ, ಅದರ ಕಡೆಗೆ ಮೂಗು ನೆಟ್ಟು ನಿಂತ ಬೇಟೆನಾಯಿ. ಕೆಳದರ್ಜೆಯ ಕೋವಿಯಲ್ಲಿ ಈ ನಾಯಿ ಮುಂಗುಸಿಗೂ ಹಂದಿಗೂ ನಡುವೆ ಎಲ್ಲೋ ನಿಂತಿರುತ್ತದೆ. ದರ್ಜೆ ಏರಿದಂತೆ ಅದಕ್ಕೆ ಕುಲಗೋತ್ರ ಬರುತ್ತದೆ. ಆಸ್ಟ್ರಿಯಾದಿಂದ ಬಂದು ಹಾರ್ಟ್‌ಫರ್ಡ್‌ನಲ್ಲಿ ನೆಲೆಸಿದ ರುಡಾಲ್ಫ್ ಕಾರ್ನ್‌ಬ್ರಾತ್‌ನಂಥವರ ಉಳಿ ತಾಗಿದ್ದರೆ ನಾಯಿಯ ಉಸಿರೂ ಕೇಳಿಸೀತು. ಇಥಾಕಾ ಕಂಪನಿ ಬ್ಯಾಂಡ್ ಸಂಗೀತದ ದೊರೆ ಜಾನ್ ಫಿಲಿಪ್ ಸೂಸಾ ಹೆಸರಿನಲ್ಲಿ ಒಂದು ದರ್ಜೆಯನ್ನೇ ಹೊರಡಿಸಿತು. ಅದು ಮಣ್ಣಿನ ಬಿಲ್ಲೆಗಳನ್ನು ಹಾರಿಸಿ ಹೊಡೆಯುವ ಆಟದ ಒಂಟಿನಳಿಗೆ ಕೋವಿ. ಅದರ ಟ್ರಿಗರ್ ಕಾಪಿನ ಮೇಲೆ ಚಿನ್ನದ ಮತ್ಸ್ಯಕನ್ಯೆ! ಹೊಡೆಯುವುದು ಮಣ್ಣಿಗೆ, ಹಾರುವುದು ಗಾಳಿಯಲ್ಲಿ, ಕಾವಲಿಗೆ ನೀರಿನವಳು. ಪಂಚಭೂತಗಳಲ್ಲಿ ಯಾರಿಗೂ ಬೇಸರವಾಗಬಾರದೆಂಬ ಮುತ್ಸದ್ದಿತನ ಇದ್ದೀತು.

ಇಷ್ಟೆಲ್ಲ ಇದ್ದರೂ ನಿಜವಾದ ಪರಿಣತರು ಮೊದಲು ನೋಡುವುದು ತಿರುಪುಗಳನ್ನು. ಮೇಲ್ದರ್ಜೆಯ ಕೋವಿಯಲ್ಲಿ ತಿರುಪಿನ ತಲೆಯ ಸೀಳುಗಳೆಲ್ಲ ನಳಿಗೆಯ ದಿಕ್ಕಿಗೇ ಶಿಸ್ತಾಗಿ ಸಾಲುಗಟ್ಟಿರಬೇಕು. ಒಂದು ಓರೆಯಾಗಿದ್ದರೆ, ಅಂಚು ಕಿತ್ತಿದ್ದರೆ, ಯಾವನೋ ಅಡ್ಡಕಸುಬಿ ಕೋವಿಯನ್ನು ಬಿಚ್ಚಿದ್ದಾನೆ ಎಂದರ್ಥ. ಕೂಡಲೇ ಕೋಣೆಯಲ್ಲಿ ಸೂತಕ. ಆಮೇಲೆ ಬಣ್ಣದ ಪರೀಕ್ಷೆ. ಉಕ್ಕಿನ ಭಾಗಗಳನ್ನು ಮೂಳೆ ಮತ್ತು ಇದ್ದಿಲಿನ ಜೊತೆ ಕಾಯಿಸಿ ತಣ್ಣೀರಿಗೆ ಹಾಕಿದಾಗ ಮೇಲ್ಮೈಯಲ್ಲಿ ನೀಲಿ, ಕಂದು, ನೇರಳೆ ಬಣ್ಣದ ಮೋಡಗಳು ಮೂಡುತ್ತವೆ. ಬಿಸಿಲು ಬಿದ್ದರೆ ಅವು ಮಾಸುತ್ತವೆ, ಕೈ ಸವರಿದರೆ ಸವೆಯುತ್ತವೆ. ಹಾಗಾಗಿ ಬಯಲಿಗೆಂದೇ ಹುಟ್ಟಿದ ವಸ್ತುವನ್ನು ಕತ್ತಲೆ ಕೋಣೆಯಲ್ಲಿ, ಬಿಳಿ ಕೈಗವಸು ಹಾಕಿಕೊಂಡು ಮುಟ್ಟಬೇಕು. ಮಾಸಿದ ಬಣ್ಣವನ್ನು ಹೊಸದಾಗಿ ಹಾಕಿಸಿದರೆ ಇನ್ನೂ ದೊಡ್ಡ ಅಪಚಾರ.

ಕೊಳ್ಳುವ ಮುನ್ನ ಜಾತಕವನ್ನೂ ತರಿಸಬೇಕು. ಕೋವಿಯ ಕ್ರಮಸಂಖ್ಯೆ ಕೊಟ್ಟರೆ, ಉಳಿದುಬಂದ ಕಾರ್ಖಾನೆಯ ಹಳೆಯ ದಫ್ತರ ನೋಡಿ ಸಂಗ್ರಾಹಕರ ಸಂಘದವರು ಪತ್ರ ಬರೆಯುತ್ತಾರೆ: ಆರ್ಡರ್ ಯಾವಾಗ ಬಂತು, ಯಾರಿಂದ ಬಂತು, ನಳಿಗೆ ಎಷ್ಟು ಇಂಚು, ಹಿಡಿ ಎಷ್ಟು ಬಾಗು. ವರಮಾನ, ಬಣ್ಣ, ಎತ್ತರ ಎಲ್ಲ ಕೂಡಿಬಂದರೂ ನಳಿಗೆಯನ್ನು ನಂತರ ಯಾರಾದರೂ ಎರಡಿಂಚು ಕತ್ತರಿಸಿದ್ದರೆ ಸಂಬಂಧ ಮುರಿದಂತೆಯೇ.

ಈ ಶಾಸ್ತ್ರದಲ್ಲಿ ಅಪವಾದಗಳಿರುವುದು ದೊಡ್ಡವರಿಗೆ ಮಾತ್ರ. ರಷ್ಯಾದ ಚಕ್ರವರ್ತಿ ಎರಡನೆಯ ನಿಕೊಲಾಸ್‌ಗೆಂದು ಪಾರ್ಕರ್ ಒಂದು ಎ-ಒನ್ ಸ್ಪೆಷಲ್ ತಯಾರಿಸಿತು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಗಿ ಅದು ಸಮುದ್ರ ದಾಟಲೇ ಇಲ್ಲ. ಕೋಟಿಗಟ್ಟಲೆ ಕೋವಿಗಳು ಹೊಗೆಯುಗುಳುತ್ತಿದ್ದ ಕಾಲದಲ್ಲಿ ಇದೊಂದು ಸುಮ್ಮನೆ ಮಲಗಿತ್ತು. ಅತ್ತ 1909ರಲ್ಲಿ ಅಧ್ಯಕ್ಷಗಿರಿ ಮುಗಿಸಿದ ಥಿಯೊಡೋರ್ ರೂಸ್‌ವೆಲ್ಟ್ ಎಫ್ ದರ್ಜೆಯ ಫಾಕ್ಸ್ ಹೊತ್ತು ಆಫ್ರಿಕಕ್ಕೆ ಹೋಗಿ ಅದನ್ನು ಧಾರಾಳವಾಗಿ ಬಳಸಿದರು. ಬಳಸಿದ ಕೋವಿ ಅಗ್ಗವಾಗಬೇಕಿತ್ತಲ್ಲ? 2010ರ ಹರಾಜಿನಲ್ಲಿ ಅದು 8,62,500 ಡಾಲರಿಗೆ ಹೋಯಿತು. ನಾವು ಗೀಚಿದರೆ ಗೀರು, ಅಧ್ಯಕ್ಷರು ಗೀಚಿದರೆ ಇತಿಹಾಸ.

ಈ ಕಾರ್ಖಾನೆಗಳಲ್ಲಿ ಹೆಚ್ಚಿನವನ್ನು ಮುಳುಗಿಸಿದ್ದೂ ಅವುಗಳ ಕೋವಿಗಳ ಚೆಲುವೇ. ಕೈಯಿಂದ ಕೂರಿಸಿ ಕೆತ್ತುವ ಕೂಲಿ ಏರುತ್ತ ಹೋಯಿತು. ವಿಂಚೆಸ್ಟರ್‌ನಂಥವರ ಪಂಪ್ ಕೋವಿಗಳು ಕಡಿಮೆ ಬೆಲೆಗೆ ಹೆಚ್ಚು ಈಡು ಹೊಡೆಯುತ್ತಿದ್ದವು. ಮಿಕ್ಕದ್ದನ್ನು ಮಹಾ ಆರ್ಥಿಕ ಕುಸಿತ ನೋಡಿಕೊಂಡಿತು. ಹಕ್ಕಿ ಬೇಕಾದವರು ಪಂಪ್ ಕೊಂಡರು, ಕೋವಿ ಬೇಕಾದವರು ಈಗ ಹರಾಜಿನಲ್ಲಿ ಕೈ ಎತ್ತುತ್ತಿದ್ದಾರೆ.

ನನಗೂ ಒಂದು ವಿ ದರ್ಜೆಯ ಪಾರ್ಕರ್ ಮೇಲೆ ಕಣ್ಣು ಬಿದ್ದಿತ್ತು. ಮನೆಯಲ್ಲಿ ಪ್ರಸ್ತಾಪಿಸಿದೆ. “ರೀ, ಸೊಳ್ಳೆ ಹೊಡೀರಿ ಅಂದ್ರೆ ಕಿಟಕಿ ತೆಗೆದು ಆಚೆ ಬಿಡ್ತೀರಿ. ನಿಮಗ್ಯಾಕೆ ಕೋವಿ?” ಅಂದಳು. ಅದಕ್ಕೇ ಕಣೇ, ಈ ಕೋವಿಯಿಂದ ಏನನ್ನೂ ಹೊಡೆಯಬಾರದು ಎಂದು ವಿವರಿಸಿದೆ. “ಹೊಡೆಯದ್ದಕ್ಕೆ ಇಷ್ಟು ದುಡ್ಡೇ? ಊರಿಗೆ ಹೋದರೆ ಹೇಗೂ ಇಬ್ಬರೂ ಪುಕ್ಕಟೆ ಹೊಡೆಯದೆ ಇರಬಹುದು” ಎಂದು ಮಾತು ಮುಗಿಸಿದಳು. ಊರಿನಲ್ಲಿ ಸಂಗ್ರಹದ ಆಸೆಯೂ ಇಲ್ಲ. 2019ರ ತಿದ್ದುಪಡಿಯಾದ ಮೇಲೆ ಭಾರತದಲ್ಲಿ ಸಾಮಾನ್ಯ ಪರವಾನಗಿದಾರನಿಗೆ ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವ ಹಾಗಿಲ್ಲ.

ನನಗಂತೂ ಇದರಲ್ಲಿ ವಿಶ್ವಶಾಂತಿಯ ಸೂತ್ರ ಕಂಡಿದೆ. ಆಯುಧವನ್ನು ಮಟ್ಟ ಹಾಕಲು ಉಪದೇಶ ಬೇಡ, ಒಪ್ಪಂದ ಬೇಡ. ಅದರ ಮೈತುಂಬ ಹೂಬಳ್ಳಿ ಕೆತ್ತಿಸಿ, ಬಣ್ಣ ಮಾಸಿದರೆ ಬೆಲೆ ಅರ್ಧ ಎಂದು ಸಾರಿಬಿಟ್ಟರೆ ಸಾಕು. ಫಿರಂಗಿ, ಟ್ಯಾಂಕು, ಕ್ಷಿಪಣಿಗಳನ್ನೆಲ್ಲ ಎ-ಒನ್ ಸ್ಪೆಷಲ್ ಮಾಡಿದರೆ ಯಾವ ಸೇನಾಪತಿ ಅವನ್ನು ಬಿಸಿಲಿಗೆ ತಂದಾನು? ನೆರೆಮನೆಯ ಹಿರಿಯರಿಗೆ ಈ ಯೋಜನೆ ಒಪ್ಪಿಸಿದೆ. ಅವರು ಗಂಭೀರವಾಗಿ ಯೋಚಿಸಿ ಒಂದೇ ತಕರಾರು ತೆಗೆದರು: “ಒಳ್ಳೆಯದೇ. ಆದರೆ ಸರ್ಕಾರದ ಕೆಲಸ ನೋಡಿ, ತಿರುಪುಗಳನ್ನು ಖಂಡಿತ ನೆಟ್ಟಗೆ ಕೂರಿಸುವುದಿಲ್ಲ.”