ನಿಮಗೇನಮ್ಮ, ಕಾರಿದೆ!

ಹೋಮ್ ನರ್ಸ್ ಆದವಳು ಸ್ವಂತ ಕಾರಿನಲ್ಲಿ ಬಂದಿಳಿದರೆ ನೋಡಿದವರಿಗೆ ಏನೋ ಕಸಿವಿಸಿ. ಬಸ್ಸಿನಲ್ಲಿ ಬಂದರೆ ‘ಯಾಕಮ್ಮ ಲೇಟು?’, ಸ್ಕೂಟಿಯಲ್ಲಿ ಬಂದರೆ ‘ಪಾಪ, ಎಷ್ಟು ಓಡಾಡ್ತೀರಿ!’, ಕಾರಿನಲ್ಲಿ ಬಂದರೆ ‘ನಿಮಗೇನಮ್ಮ, ಕಾರಿದೆ!’ ಈ ಕೊನೆಯದರಲ್ಲಿ ಮೆಚ್ಚುಗೆ ಅರ್ಧ. ಇನ್ನು ಸಂಬಳದ ಮಾತೆತ್ತಬೇಡ ಎಂಬ ಎಚ್ಚರಿಕೆ ಅರ್ಧ.

ಕಾರೆಂದರೆ ಎಂಥ ಕಾರು! ಸೆಕೆಂಡ್‌ಹ್ಯಾಂಡ್ ಮಾರುತಿ 800. ಕಂಪನಿಯವರು 2014ರಲ್ಲೇ ಅದಕ್ಕೆ ಎಳ್ಳುನೀರು ಬಿಟ್ಟರು, ನಾನಿನ್ನೂ ಬಿಟ್ಟಿಲ್ಲ. 15 ವರ್ಷ ತುಂಬಿದಾಗ ಆರ್‌ಟಿಒಗೆ ಕರೆದೊಯ್ದು ತೋರಿಸಿ, ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡು ಬಂದೆ. ನಾನು ನೋಡಿಕೊಳ್ಳುವ ಹಿರಿಯರಿಗೆ ಯಾವ ಡಾಕ್ಟರೂ ಅಷ್ಟು ಧೈರ್ಯವಾಗಿ ಐದು ವರ್ಷ ಬರೆದುಕೊಡುವುದಿಲ್ಲ.

ಬೆಳಿಗ್ಗೆ ಹೊಸಕೆರೆಹಳ್ಳಿಯಲ್ಲಿ ಒಬ್ಬರು ತಾತನಿಗೆ ಸ್ನಾನ, ಇನ್ಸುಲಿನ್. ಆಮೇಲೆ ಗಿರಿನಗರದ ಅಜ್ಜಿ. ಸಂಜೆ ಕತ್ರಿಗುಪ್ಪೆ. ಹೇಳಿಕೊಳ್ಳಲು ಎಲ್ಲ ಕೂಗಳತೆಯಲ್ಲೇ ಇವೆ, ಆದರೆ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ. ಏಜೆನ್ಸಿಯವರ ಲೆಕ್ಕದಲ್ಲಿ ಮನೆಯೊಳಗೆ ಇದ್ದ ಗಂಟೆಗಷ್ಟೇ ಕಾಸು. ದಾರಿಯಲ್ಲಿ ಕಳೆದ ಹೊತ್ತು ನನ್ನ ವಿಹಾರವಂತೆ. ಓಡಾಟದ ಖರ್ಚು ಕೇಳಿದರೆ ‘ಮೇಡಂ, ಬಸ್ ಫ್ರೀ ಇದೆಯಲ್ಲ’ ಅನ್ನುತ್ತಾರೆ. ನಿಜ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ನಾನು ಹೆಂಗಸೂ ಹೌದು. ಆದರೆ ನನ್ನ ಡಿಕ್ಕಿಯಲ್ಲಿರುವ ವಾಕರ್, ಕಮೋಡ್ ಚೇರು, ಡೈಪರ್ ಕಟ್ಟುಗಳನ್ನು ಹೆಂಗಸರೆಂದು ಯಾವ ಕಂಡಕ್ಟರೂ ಒಪ್ಪಲಾರ.

ಕಾರಿದ್ದರೆ ಕೆಲಸ ತಾನಾಗಿ ಮರಿಹಾಕುತ್ತದೆ. ನವೆಂಬರ್ ಬಂತೆಂದರೆ ಪಿಂಚಣಿದಾರರು ಬದುಕಿದ್ದಾರೆಂದು ತೋರಿಸಲು ಬ್ಯಾಂಕಿಗೆ. ಮಂಗಳವಾರ ಮಧ್ಯಾಹ್ನ ರಾಹುಕಾಲಕ್ಕೆ ಸರಿಯಾಗಿ ಬನಶಂಕರಿ ಗುಡಿಗೆ, ಅಜ್ಜಿಯ ನಿಂಬೆಹಣ್ಣಿನ ದೀಪಕ್ಕೆ. ಅಜ್ಜಿಯನ್ನು ಕಾರಿಗೆ ಹತ್ತಿಸುವುದೇ ಒಂದು ಕಲೆ. ಸೀಟಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿರುತ್ತೇನೆ. ಅವರು ಬಾಗಿಲಿಗೆ ಬೆನ್ನು ಕೊಟ್ಟು ನಿಧಾನಕ್ಕೆ ಕೂರಬೇಕು. ನೆತ್ತಿ ಬಡಿಯದಂತೆ ನನ್ನ ಅಂಗೈ ಮೇಲೆ. ಆಮೇಲೆ ಎರಡು ಮೊಣಕಾಲನ್ನೂ ಸೇರಿಸಿ ಹಿಡಿದು ತಿರುಗಿಸಿದರೆ ಕವರ್ ಜಾರಿ ಅಜ್ಜಿ ಸಲೀಸಾಗಿ ಮುಂದಕ್ಕೆ ತಿರುಗುತ್ತಾರೆ. ಅಷ್ಟರಲ್ಲಿ ಹಿಂದೆ ಹಾರನ್ನು. ‘ಯಾವನೇ ಅವನು, ಅವನ ಮನೇಲಿ ಮುದುಕರಿಲ್ವಾ?’ ಎಂದು ಅಜ್ಜಿ ಕೂತಲ್ಲಿಂದಲೇ ವಿಚಾರಿಸಿಕೊಳ್ಳುತ್ತಾರೆ.

ಇಳಿದ ಮೇಲೆ ಸೆರಗಿನ ಗಂಟು ಬಿಚ್ಚಿ ಇನ್ನೂರು ರೂಪಾಯಿ. ‘ಪೆಟ್ರೋಲಿಗೆ ಇಟ್ಕೊಳ್ಳೇ.’ ಇಲ್ಲೇ ಬಂದದ್ದು ಪೇಚು. ನನ್ನದು ಬಿಳಿ ಬೋರ್ಡ್. ನಮ್ಮ ಕೆಲಸಕ್ಕೆ ನಾವೇ ಓಡಿಸಿಕೊಂಡು ಹೋದರೆ ವಿಮೆಯವರ ತಕರಾರಿಲ್ಲ. ಬಾಡಿಗೆಗೋ ಪ್ರತಿಫಲಕ್ಕೋ ಓಡಿಸಿದರೆ ಪಾಲಿಸಿ ಕೈಕೊಡುತ್ತದೆ. ಹಾಗೆ ಓಡಿಸಬೇಕಾದರೆ ಹಳದಿ ಬೋರ್ಡ್ ಬೇಕು. ಕಾರ್ ರೇಸಿಗೂ ವೇಗದ ಪರೀಕ್ಷೆಗೂ ವಿಮೆ ಅನ್ವಯಿಸದು ಎಂದೂ ಅದೇ ಕಾಗದದಲ್ಲಿದೆ. ಅದನ್ನು ಬರೆದವರು ಸಂಜೆ ಆರಕ್ಕೆ ಕತ್ರಿಗುಪ್ಪೆ ಸಿಗ್ನಲ್ ನೋಡಿಲ್ಲ.

ಬ್ರಿಟನ್ನಿನಲ್ಲಿ ಇದೇ ಕೆಲಸ ಮಾಡುವ ಅಕ್ಕನ ಮಗಳು ಇದನ್ನೆಲ್ಲ ಕೇಳಿ ನಕ್ಕಳು. ಕೆಲಸಕ್ಕೆಂದು ಸ್ವಂತ ಕಾರು ಓಡಿಸಿದರೆ ಮೈಲಿಗೆ 45 ಪೆನ್ಸ್‌ವರೆಗೆ ತೆರಿಗೆಯಿಲ್ಲದೆ ಕೊಡಬಹುದೆಂದು ಅಲ್ಲಿನ ಸರ್ಕಾರ 2011ರಲ್ಲಿ ಗೊತ್ತುಮಾಡಿತಂತೆ. ಅಷ್ಟು ಕೊಡದ ಮಾಲೀಕರು ಅಲ್ಲೂ ಇದ್ದಾರೆ ಅನ್ನಿ. ಆದರೂ ದಾರಿಗೊಂದು ದರವಿದೆಯಲ್ಲ! ನಮ್ಮ ಏಜೆನ್ಸಿಯವರಿಗೆ ಇದನ್ನು ಹೇಳಿದೆ. ‘ಹಾಗಾದ್ರೆ ಲಂಡನ್‌ಗೇ ಹೋಗಿ ಮೇಡಂ’ ಅಂದರು.

ದುಡ್ಡು ಬೇಡ ಅಜ್ಜಿ, ವಿಮೆಯವರು ತಕರಾರು ತೆಗೀತಾರೆ ಎಂದು ಬಿಡಿಸಿ ಹೇಳಿದೆ. ಅಜ್ಜಿ ಒಂದು ಗಳಿಗೆ ಯೋಚಿಸಿ, ಒಳಗಿಂದ ಹಾರ್ಲಿಕ್ಸ್ ಬಾಟಲಿಯ ತುಂಬ ಸಾರಿನಪುಡಿ ತರಿಸಿದರು. ಈಗ ಪ್ರತಿ ಟ್ರಿಪ್ಪಿಗೂ ಏನಾದರೊಂದು: ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ. ಪಾಲಿಸಿಯನ್ನು ಮತ್ತೊಮ್ಮೆ ಓದಿದೆ, ಸಾರಿನಪುಡಿಯ ಮಾತು ಎಲ್ಲೂ ಇಲ್ಲ. ಪೆಟ್ರೋಲ್ ಬಂಕಿನ ಹುಡುಗ ಮಾತ್ರ ಅದನ್ನು ತಗೊಳ್ಳುವುದಿಲ್ಲ.